ಕಕ್ಕಕ್ಕೆ ಹೆದರುವ ಕಂದಮ್ಮ

ಎರಡೂವರೆ ವರ್ಷದ ಮಗು ಆಟದ ನಡುವೆ ಇದ್ದಕ್ಕಿದ್ದಂತೆ ನಿಂತುಬಿಡುತ್ತದೆ. ಮೆಲ್ಲಗೆ ಬಾಗಿಲ ಪರದೆಯ ಹಿಂದೆ ಸರಿಯುತ್ತದೆ. ಕಾಲುಗಳನ್ನು ಒಂದಕ್ಕೊಂದು ಒತ್ತಿ, ತುದಿಗಾಲಲ್ಲಿ ನಿಂತು, ಮೈಯೆಲ್ಲ ಸೆಟೆದು, ಮುಖ ಕೆಂಪಾಗಿಸಿಕೊಂಡು ಬೆವರುತ್ತದೆ. "ಪಾಪ, ಎಷ್ಟು ತಿಣುಕಿದರೂ ಬರುತ್ತಿಲ್ಲ" ಎಂದು ಅಜ್ಜಿ ಮರುಗುತ್ತಾರೆ. ಎರಡು ನಿಮಿಷ ಕಳೆದರೆ ಮಗು ಏನೂ ಆಗಿಲ್ಲವೆಂಬಂತೆ ಮತ್ತೆ ಆಟಕ್ಕೆ ಮರಳುತ್ತದೆ. ಹೀಗೆಯೇ ಮೂರು ದಿನ, ನಾಲ್ಕು ದಿನ, ಕೆಲವೊಮ್ಮೆ ಒಂದು ವಾರ. ಆಮೇಲೆ ಒಂದು ದಿನ ಮನೆಯೇ ಕೇಳುವಂತೆ ಅತ್ತು, ಗಟ್ಟಿಯಾದ ದಪ್ಪ ಮಲ ಹೊರಬರುತ್ತದೆ. ಜೊತೆಗೆ ಒಂದೆರಡು ಹನಿ ರಕ್ತವೂ ಕಾಣಬಹುದು.

ಸಹೋದರಿಯರೇ, ಪರದೆಯ ಹಿಂದೆ ನಿಂತ ಆ ಮಗು ಹೆಚ್ಚಾಗಿ ತಿಣುಕುತ್ತಿರುವುದಿಲ್ಲ, ತಡೆದು ಹಿಡಿಯುತ್ತಿರುತ್ತದೆ. ಗುರುತಿಸುವುದು ಸುಲಭ. ಕಕ್ಕ ಮಾಡಲು ಬಯಸುವ ಮಗು ಮೊಣಕಾಲು ಮಡಚುತ್ತದೆ, ಕುಕ್ಕರಗಾಲಲ್ಲಿ ಕೂರುತ್ತದೆ, ಮುಂದಕ್ಕೆ ಬಾಗುತ್ತದೆ. ತಡೆಯುವ ಮಗು ಕೋಲಿನಂತೆ ನೆಟ್ಟಗಾಗುತ್ತದೆ, ಪೃಷ್ಠವನ್ನು ಬಿಗಿ ಹಿಡಿಯುತ್ತದೆ, ಕತ್ತರಿಗಾಲು ಹಾಕುತ್ತದೆ, ಇಲ್ಲವೇ ಓಡಿಬಂದು ನಿಮ್ಮ ಕಾಲನ್ನು ತಬ್ಬಿ ನಿಲ್ಲುತ್ತದೆ. ಈ ವ್ಯತ್ಯಾಸ ತಾಯಿಗೆ ತಿಳಿದರೆ ಮುಂದಿನ ದಾರಿ ಅರ್ಧ ಸ್ಪಷ್ಟವಾದಂತೆಯೇ.

ಮಗು ಹೀಗೇಕೆ ಮಾಡುತ್ತದೆ? ಬಹುತೇಕ ಪ್ರಕರಣಗಳಲ್ಲಿ ಇದರ ಬೇರು ಒಂದು ನೋವಿನ ನೆನಪು. ಎಂದೋ ಒಮ್ಮೆ ಜ್ವರ ಬಂದು ಮಗು ನೀರು ಕುಡಿಯದಿದ್ದಾಗ, ಎದೆಹಾಲು ಬಿಡಿಸಿ ದನದ ಹಾಲು ಶುರು ಮಾಡಿದಾಗ, ಅಥವಾ ದೂರದ ಪ್ರಯಾಣದಲ್ಲಿ ಮಲ ಗಟ್ಟಿಯಾಗಿ ಗುದದ್ವಾರದಲ್ಲಿ ಸಣ್ಣದೊಂದು ಬಿರುಕು ಉಂಟಾಗಿರುತ್ತದೆ. ದೊಡ್ಡವರಾದರೆ ನಾಳೆ ಸರಿಹೋದೀತು ಎಂದು ಸಮಾಧಾನಪಟ್ಟುಕೊಳ್ಳುತ್ತಾರೆ. ಎರಡು ವರ್ಷದ ಮಗುವಿಗೆ ಆ ಲೆಕ್ಕಾಚಾರ ಬರುವುದಿಲ್ಲ. ಕಕ್ಕ ಎಂದರೆ ನೋವು, ಆದ್ದರಿಂದ ಅದು ಬರಲೇಬಾರದು. ಇಷ್ಟೇ ಅದರ ತರ್ಕ. ಆದರೆ ತಡೆದಷ್ಟೂ ದೊಡ್ಡ ಕರುಳು ಮಲದಲ್ಲಿರುವ ನೀರನ್ನು ಹೀರುತ್ತಾ ಹೋಗುತ್ತದೆ. ಮಲ ಇನ್ನಷ್ಟು ಗಟ್ಟಿಯಾಗುತ್ತದೆ, ಮುಂದಿನ ಸಲ ಇನ್ನಷ್ಟು ನೋಯುತ್ತದೆ, ಹೆದರಿಕೆ ಇಮ್ಮಡಿಯಾಗುತ್ತದೆ. ದಿನಗಟ್ಟಲೆ ಮಲ ತುಂಬಿಕೊಂಡ ಗುದನಾಳ ಬಲೂನಿನಂತೆ ಹಿಗ್ಗುತ್ತದೆ. ಹಿಗ್ಗಿದ ಮೇಲೆ "ಈಗ ಹೋಗಬೇಕು" ಎಂಬ ಸೂಚನೆಯೇ ಮಂದವಾಗುತ್ತದೆ. ಆಗ ಮಗುವಿಗೆ ನಿಜವಾಗಿಯೂ ಅವಸರ ಗೊತ್ತಾಗುವುದಿಲ್ಲ. ನಾವು ಮಾತ್ರ "ಕೇಳಿದರೆ ಇಲ್ಲ ಅನ್ನುತ್ತಾನೆ, ಹಠಮಾರಿ" ಎನ್ನುತ್ತೇವೆ.

ಇನ್ನೊಂದು ವಿಷಯ ಬಹಳ ತಾಯಂದಿರನ್ನು ದಾರಿ ತಪ್ಪಿಸುತ್ತದೆ. ಗಟ್ಟಿ ಮಲ ಒಳಗೆ ಅಡ್ಡ ಕೂತಿರುವಾಗ ಮೇಲಿನಿಂದ ಬರುವ ತೆಳುವಾದ ಮಲ ಅದರ ಬದಿಯಿಂದ ಜಾರಿ ಚಡ್ಡಿಗೆ ಅಂಟುತ್ತದೆ. ದಿನಕ್ಕೆ ನಾಲ್ಕೈದು ಸಲ ಹೀಗಾದಾಗ "ಮಗುವಿಗೆ ಭೇದಿ" ಎಂದುಕೊಂಡು ಹಣ್ಣು ನಿಲ್ಲಿಸಿ, ಭೇದಿ ನಿಲ್ಲುವ ಔಷಧಿ ಕೊಡುವವರಿದ್ದಾರೆ. ಅದು ಬೆಂಕಿಗೆ ತುಪ್ಪ ಸುರಿದಂತೆ. ಹಲವು ದಿನ ಸರಿಯಾಗಿ ಮಲ ಹೋಗದ ಮಗುವಿನ ಚಡ್ಡಿ ಪದೇ ಪದೇ ಕೊಳೆಯಾಗುತ್ತಿದ್ದರೆ ಮೊದಲು ಮಲಬದ್ಧತೆಯನ್ನೇ ಸಂಶಯಿಸಬೇಕು. ಚಡ್ಡಿ ಕೊಳೆ ಮಾಡಿಕೊಂಡಿತೆಂದು ಆ ಮಗುವಿಗೆ ಏಟು ಕೊಡುವುದು ಅನ್ಯಾಯ. ಅದು ಅದರ ಕೈಯಲ್ಲಿಲ್ಲ.

ಪಾಟಿ ಅಭ್ಯಾಸ ಮಾಡಿಸುವ ಕಾಲದಲ್ಲೇ ಈ ಸಮಸ್ಯೆ ಏಕೆ ಹೆಚ್ಚು ಕಾಣಿಸಿಕೊಳ್ಳುತ್ತದೆ ಎಂಬುದನ್ನು ಸ್ವಲ್ಪ ಯೋಚಿಸಬೇಕು. ಜೂನ್‌ನಲ್ಲಿ ನರ್ಸರಿಗೆ ಸೇರಿಸಬೇಕು, ಅದಕ್ಕೆ ಮೊದಲು ಡಯಾಪರ್ ಬಿಡಿಸಬೇಕೆಂಬ ಆತುರ ಒಂದು ಕಡೆ. "ನನ್ನ ಮಕ್ಕಳೆಲ್ಲ ಒಂದು ವರ್ಷಕ್ಕೇ ಹೇಳುತ್ತಿದ್ದರು" ಎಂಬ ಹಿರಿಯರ ಮಾತು ಇನ್ನೊಂದು ಕಡೆ. ಅದೇ ಸಮಯದಲ್ಲಿ ತೊಟ್ಟಿಲಿಗೆ ಹೊಸ ಮಗು ಬಂದಿರುತ್ತದೆ, ಅಥವಾ ಮನೆ ಬದಲಾಗಿರುತ್ತದೆ, ಅಥವಾ ಮಗನಿಗೆ ಸುನ್ನತ್ ಮಾಡಿಸಿರುತ್ತಾರೆ. ಗಾಯ ಮಾಯುವ ಮೊದಲೇ ಪಾಟಿಯ ಪಾಠ ಬೇಡ. ಇಂತಹ ಯಾವುದೇ ಬದಲಾವಣೆಯ ಆಸುಪಾಸಿನ ವಾರಗಳನ್ನು ಬಿಟ್ಟು ಆರಂಭಿಸುವುದು ಜಾಣತನ. ಅಮೆರಿಕದ ಮಕ್ಕಳ ವೈದ್ಯ ಟಿ. ಬೆರಿ ಬ್ರೇಝಲ್ಟನ್ 1962ರಲ್ಲಿ 1,170 ಮಕ್ಕಳ ಅನುಭವವನ್ನು ಮುಂದಿಟ್ಟು, ತಾಯಿಯ ಗಡಿಯಾರಕ್ಕೆ ಬದಲು ಮಗುವಿನ ಸಿದ್ಧತೆಯನ್ನು ನೋಡಿ ಅಭ್ಯಾಸ ಮಾಡಿಸಬೇಕೆಂದು ಬರೆದರು. ಇಂದಿಗೂ ಮಕ್ಕಳ ವೈದ್ಯರು ಹೇಳುವುದು ಹೆಚ್ಚು ಕಡಿಮೆ ಅದನ್ನೇ.

ನಮ್ಮ ಅಜ್ಜಿಯಂದಿರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಅವರು ನೆಲದಲ್ಲಿ ಕಾಲು ಚಾಚಿ ಕೂತು, ಮಗುವನ್ನು ತಮ್ಮ ಎರಡು ಪಾದಗಳ ಮೇಲೆ ಕೂರಿಸಿಕೊಂಡು, ಬೆನ್ನಿಗೆ ಮೊಣಕಾಲಿನ ಆಸರೆ ಕೊಟ್ಟು, ಬಾಯಲ್ಲಿ ಏನಾದರೂ ಸದ್ದು ಮಾಡುತ್ತಾ ಕಕ್ಕ ಮಾಡಿಸುತ್ತಿದ್ದರು. ಮಗುವಿಗೆ ಬೀಳುವ ಭಯವಿರಲಿಲ್ಲ, ತೊಡೆಗಳು ಹೊಟ್ಟೆಗೆ ತಾಗುತ್ತಿದ್ದವು. ಕುಕ್ಕರುಗಾಲಿನ ಆ ಭಂಗಿಯಲ್ಲಿ ಮಲ ಸಲೀಸಾಗಿ ಜಾರುತ್ತದೆ. ಇಂದು ಫ್ಲ್ಯಾಟಿನ ಕಮೋಡಿನ ಮೇಲೆ ಅದೇ ಮಗುವನ್ನು ಕೂರಿಸಿದರೆ ಕಾಲು ಗಾಳಿಯಲ್ಲಿ ನೇತಾಡುತ್ತದೆ, ಕೆಳಗೆ ದೊಡ್ಡ ಬಾಯಿ ತೆರೆದ ತೂತು, ಮೇಲಿಂದ ಭೋರೆಂದು ನೀರು ಸುರಿಯುವ ಸದ್ದು. ಎರಡು ವರ್ಷದ ಮಗು ಅಲ್ಲಿ ಸಡಿಲಗೊಳ್ಳುವುದಾದರೂ ಹೇಗೆ?

ಇಷ್ಟರ ಮೇಲೆ ನಮ್ಮ ಮನೆಗಳಲ್ಲಿ ಒಂದು ಸಣ್ಣ ಶಬ್ದವಿದೆ: "ಛೀ!" ಚಡ್ಡಿ ಕೊಳೆಯಾದರೆ ಛೀ, ಡಯಾಪರ್ ಬಿಚ್ಚುವಾಗ ಥೂ, ಮೂಗು ಮುಚ್ಚಿಕೊಂಡು "ಗಬ್ಬು ವಾಸನೆ". ಹೇಳುವವರಿಗೆ ಅದು ತಮಾಷೆ. ಮಗು ಮಾತ್ರ ತನ್ನ ದೇಹದಿಂದ ಬಂದದ್ದು ಎಲ್ಲರಿಗೂ ಹೇಸಿಗೆ ಎಂದು ತಿಳಿದುಕೊಂಡು ಪರದೆಯ ಹಿಂದೆ ಅಡಗುತ್ತದೆ. ಬ್ರೂಸ್ ಟಾಬ್ಮನ್ ಎಂಬ ಅಮೆರಿಕದ ಮಕ್ಕಳ ವೈದ್ಯರು ಇದನ್ನೇ ಪರಿಶೀಲಿಸಿದ್ದಾರೆ. 1997ರಲ್ಲಿ ಅವರು ಪ್ರಕಟಿಸಿದ ಅಧ್ಯಯನದಲ್ಲಿ 482 ಮಕ್ಕಳ ಪೈಕಿ ಶೇ. 22ರಷ್ಟು ಮಕ್ಕಳು ಮೂತ್ರಕ್ಕೆ ಪಾಟಿಯಲ್ಲಿ ಕೂತರೂ ಕಕ್ಕಕ್ಕೆ ಮಾತ್ರ ಒಂದು ತಿಂಗಳಾದರೂ ಕೂರಲು ಒಪ್ಪಿರಲಿಲ್ಲ. ಅಂದರೆ ಇದು ನಿಮ್ಮ ಮನೆಯ ಮಗುವಿಗೆ ಮಾತ್ರ ಬಂದ ವಿಚಿತ್ರ ರೋಗವಲ್ಲ. 2003ರಲ್ಲಿ ಅವರೇ ಇನ್ನೊಂದು ಅಧ್ಯಯನ ಮಾಡಿದರು. ಅಭ್ಯಾಸ ಆರಂಭಿಸುವ ಮೊದಲು ಮಲದ ಬಗ್ಗೆ ಹೇಸಿಗೆಯ ಮಾತಾಡಬೇಡಿ, ಡಯಾಪರ್‌ನಲ್ಲಿ ಕಕ್ಕ ಮಾಡಿದರೂ ಮೆಚ್ಚುಗೆಯ ಮಾತು ಹೇಳಿ ಎಂದು ಒಂದು ಗುಂಪಿನ ತಂದೆತಾಯಿಗೆ ತಿಳಿಸಿದರು. ಪಾಟಿಯನ್ನು ನಿರಾಕರಿಸಿದ ಮಕ್ಕಳ ಸಂಖ್ಯೆಯೇನೂ ಕಡಿಮೆಯಾಗಲಿಲ್ಲ. ಆದರೆ ಆ ಗುಂಪಿನ ಮಕ್ಕಳ ನಿರಾಕರಣೆ ಬೇಗ ಕೊನೆಗೊಂಡಿತು. ಮಾತಿನಲ್ಲಿ ಇಷ್ಟು ಬದಲಾವಣೆ ಮಾಡಲು ನಮಗೆ ಖರ್ಚೇನು?

ಇಲ್ಲಿ ಒಂದು ಆಕ್ಷೇಪ ಬರುತ್ತದೆಂದು ನನಗೆ ಗೊತ್ತು. "ನಮ್ಮದು ನಮಾಝ್ ಮಾಡುವ ಮನೆ. ಮಲ ನಜಸ್. ಜಾನಮಾಝ್‌ಗೆ ತಾಗಿದರೆ? ಮಗುವಿಗೆ ಈಗಲೇ ಶುಚಿತ್ವ ಕಲಿಸದಿದ್ದರೆ ಹೇಗೆ?" ಶುಚಿತ್ವ ಈಮಾನಿನ ಭಾಗವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಅದನ್ನು ಕಲಿಸಿದ ಪ್ರವಾದಿವರ್ಯರು(ಸ) ಇಂತಹ ಸಂದರ್ಭದಲ್ಲಿ ಹೇಗೆ ನಡೆದುಕೊಂಡರೆಂಬುದನ್ನೂ ನೋಡೋಣ. ಉಮ್ಮು ಕೈಸ್(ರ) ತಮ್ಮ ಪುಟ್ಟ ಮಗನನ್ನು ಅವರ ಬಳಿಗೆ ತಂದಾಗ ಆ ಹಸುಳೆ ಪ್ರವಾದಿವರ್ಯರ(ಸ) ಮಡಿಲಲ್ಲೇ ಮೂತ್ರ ಮಾಡಿತು. ಅವರು ನೀರು ತರಿಸಿ ಬಟ್ಟೆಯ ಮೇಲೆ ಚಿಮುಕಿಸಿದರು, ಅಷ್ಟೇ. ಮಸೀದಿಯಲ್ಲಿ ಮೂತ್ರ ಮಾಡಲು ತೊಡಗಿದ ಬದೂವಿ ಅರಬನ ಘಟನೆಯಂತೂ ನಮಗೆಲ್ಲ ಗೊತ್ತಿರುವುದೇ. ಜನರು ಅವನನ್ನು ತಡೆಯಲು ಎದ್ದಾಗ, ಅವನನ್ನು ಬಿಡಿ, ನಡುವೆ ನಿಲ್ಲಿಸಬೇಡಿ ಎಂದರು. ಅವನು ಮುಗಿಸಿದ ಮೇಲೆ ಆ ಜಾಗಕ್ಕೆ ಒಂದು ಬಕೆಟ್ ನೀರು ಹೊಯ್ಯಿಸಿದರು. ಈ ಹದೀಸ್‌ಗಳು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿವೆ. ಅರ್ಧದಲ್ಲಿ ತಡೆದರೆ ಅವನ ದೇಹಕ್ಕೆ ಹಾನಿಯಾಗುತ್ತಿತ್ತು ಎಂಬುದು ಆ ಆಜ್ಞೆಗೆ ವಿದ್ವಾಂಸರು ಕೊಡುವ ಕಾರಣಗಳಲ್ಲೊಂದು. ಬೆಳೆದ ಗಂಡಸಿಗೇ ಅಷ್ಟು ರಿಯಾಯಿತಿ ಸಿಕ್ಕಿದ್ದರೆ, ಎರಡು ವರ್ಷದ ಮಗುವಿಗೆ ನಮ್ಮ ಹಾಲ್‌ನ ಕಾರ್ಪೆಟ್‌ನ ಮೇಲೆ ಎಷ್ಟು ಸಿಗಬೇಕು?

ನಜಸ್‌ಗೆ ಪರಿಹಾರ ನೀರು. ಬೈಗುಳದಿಂದ ಬಟ್ಟೆ ಶುದ್ಧವಾಗುವುದಿಲ್ಲ. ಈ ಕೆಲವು ತಿಂಗಳ ಮಟ್ಟಿಗೆ ನಮಾಝ್‌ನ ಬಟ್ಟೆಯನ್ನು ಬೇರೆಯೇ ತೆಗೆದಿಡಿ, ಜಾನಮಾಝನ್ನು ಮಡಚಿ ಎತ್ತರದಲ್ಲಿಡಿ, ಕಾರ್ಪೆಟ್ ಸುತ್ತಿ ಮೂಲೆಗೆ ಸರಿಸಿ. ತಾಯಿಯ ಮನಸ್ಸಿನ ಅರ್ಧ ಗಾಬರಿ ಅಲ್ಲಿಗೇ ಇಳಿಯುತ್ತದೆ.

ಇನ್ನು ಚಿಕಿತ್ಸೆಗೆ ಬರೋಣ. ಮಗು ತಡೆಹಿಡಿಯುತ್ತಿದೆ ಎಂದು ಖಚಿತವಾದ ದಿನವೇ ಪಾಟಿಯ ಅಭ್ಯಾಸವನ್ನು ನಿಲ್ಲಿಸಿ. ಹೌದು, ಪೂರ್ತಿ ನಿಲ್ಲಿಸಿ. ಅದು ಡಯಾಪರ್ ಕೇಳಿದರೆ ಡಯಾಪರ್ ಹಾಕಿ. ಸೋತಂತಾಯಿತು ಎಂದು ಭಾವಿಸಬೇಡಿ. ಮಲ ಮೆತ್ತಗಾಗಬೇಕು, ನೋವು ನಿಲ್ಲಬೇಕು, ಭಯ ಮರೆಯಬೇಕು, ಅದಾದ ನಂತರ ಪಾಟಿ. ಈ ಕ್ರಮವನ್ನು ತಲೆಕೆಳಗು ಮಾಡಿದರೆ ಯಾವ ಉಪಾಯವೂ ನಡೆಯುವುದಿಲ್ಲ.

ಮಲ ಮೆತ್ತಗಾಗಲು ಆಹಾರ ಸಾಕೇ? ಆಗಷ್ಟೇ ಶುರುವಾಗಿದ್ದರೆ ಸಾಕಾಗಬಹುದು. ತಿಂಗಳುಗಟ್ಟಲೆಯಿಂದ ನಡೆಯುತ್ತಿದ್ದರೆ ಸಾಲದು, ಔಷಧಿ ಬೇಕು. ಮಕ್ಕಳ ವೈದ್ಯರು ಸಾಮಾನ್ಯವಾಗಿ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಪುಡಿಯನ್ನೋ ಲ್ಯಾಕ್ಟುಲೋಸ್ ಸಿರಪ್ಪನ್ನೋ ಬರೆದುಕೊಡುತ್ತಾರೆ. ಇವು ಕರುಳಿನಲ್ಲಿ ನೀರನ್ನು ಹಿಡಿದಿಟ್ಟು ಮಲವನ್ನು ಮೆತ್ತಗಿಡುತ್ತವೆ. ಪ್ರಮಾಣವನ್ನು ಮಗುವಿನ ತೂಕ ನೋಡಿ ವೈದ್ಯರೇ ನಿರ್ಧರಿಸಬೇಕು. ಪಕ್ಕದ ಮನೆಯ ಮಗುವಿಗೆ ಕೊಟ್ಟ ಚೀಟಿ ತಂದು ಕೊಡಬಾರದು. ಒಳಗೆ ಹಳೆಯ ಮಲ ಗಡ್ಡೆಕಟ್ಟಿದ್ದರೆ ಮೊದಲ ಕೆಲವು ದಿನ ಹೆಚ್ಚಿನ ಪ್ರಮಾಣ ಕೊಟ್ಟು ಅದನ್ನು ಖಾಲಿ ಮಾಡಿಸುತ್ತಾರೆ. ಆ ದಿನಗಳಲ್ಲಿ ಚಡ್ಡಿ ಇನ್ನಷ್ಟು ಕೊಳೆಯಾಗಬಹುದು, ಗಾಬರಿ ಬೇಡ.

ಬಹಳ ಮನೆಗಳಲ್ಲಿ ಕೆಲಸ ಕೆಡುವುದು ಇಲ್ಲಿಯೇ. ನಾಲ್ಕು ದಿನ ಔಷಧಿ ಕೊಟ್ಟಾಗ ಮಗು ಚೆನ್ನಾಗಿ ಕಕ್ಕ ಮಾಡುತ್ತದೆ. "ಸಾಕು, ಅಭ್ಯಾಸವಾಗಿಬಿಟ್ಟರೆ?" ಎಂದು ಬಾಟಲಿ ಮುಚ್ಚಿ ಇಡುತ್ತಾರೆ. ಹತ್ತು ದಿನದಲ್ಲಿ ಮತ್ತೆ ಪರದೆಯ ಹಿಂದೆ. ಯುರೋಪ್ ಮತ್ತು ಉತ್ತರ ಅಮೆರಿಕದ ಮಕ್ಕಳ ಜೀರ್ಣಾಂಗ ತಜ್ಞರ ಸಂಘಗಳು 2014ರಲ್ಲಿ ಪ್ರಕಟಿಸಿದ ಮಾರ್ಗಸೂಚಿ ಹೇಳುವುದು ಹೀಗೆ: ಔಷಧಿ ಕನಿಷ್ಠ ಎರಡು ತಿಂಗಳು ನಡೆಯಬೇಕು, ಲಕ್ಷಣಗಳೆಲ್ಲ ಹೋಗಿ ಒಂದು ತಿಂಗಳಾದರೂ ಆದ ಮೇಲೆ ನಿಧಾನವಾಗಿ ಇಳಿಸಬೇಕು, ಮಗು ಪಾಟಿ ಕಲಿಯುವ ವಯಸ್ಸಿನಲ್ಲಿದ್ದರೆ ಅದನ್ನು ಕಲಿತು ಮುಗಿಸಿದ ಬಳಿಕವೇ ನಿಲ್ಲಿಸಬೇಕು. ಹಿಗ್ಗಿದ ಗುದನಾಳ ಮೊದಲಿನ ಗಾತ್ರಕ್ಕೆ ಬರಲು ಸಮಯ ಬೇಕು. ಭಯ ಮರೆಯಲು ಅದಕ್ಕಿಂತಲೂ ಹೆಚ್ಚು ಬೇಕು.

ವೀಳ್ಯದೆಲೆಯ ತೊಟ್ಟನ್ನು ಹರಳೆಣ್ಣೆಯಲ್ಲಿ ಅದ್ದಿ ಗುದದ್ವಾರಕ್ಕೆ ಇಡುವುದು, ಸೋಪಿನ ತುಂಡನ್ನು ಕಡ್ಡಿಯಂತೆ ಮಾಡಿ ತೂರಿಸುವುದು ನಮ್ಮಲ್ಲಿ ಈಗಲೂ ಇದೆ. ಅಂದಿನ ಮಟ್ಟಿಗೆ ಮಲ ಬರಬಹುದು. ಆದರೆ ಅದೇ ನೋಯುವ ಜಾಗಕ್ಕೆ ಇಬ್ಬರು ಕೈಕಾಲು ಹಿಡಿದು ಏನನ್ನೋ ತೂರಿಸಿದರೆ ಮಗುವಿನ ಭಯ ಕಡಿಮೆಯಾದೀತೇ? ಸೋಪು ಒಳಚರ್ಮವನ್ನು ಉರಿಸುತ್ತದೆ ಕೂಡ. ವೈದ್ಯರು ಹೇಳದೆ ಎನಿಮಾವೂ ಬೇಡ, ಗ್ಲಿಸರಿನ್ ಗುಳಿಗೆಯೂ ಬೇಡ.

ಆಹಾರದಲ್ಲಿ ಮೊದಲು ನೋಡಬೇಕಾದದ್ದು ಹಾಲಿನ ಬಾಟಲಿ. ಊಟ ಮಾಡುವುದಿಲ್ಲ, ಹಾಲಾದರೂ ಕುಡಿಯಲಿ ಎಂದು ದಿನಕ್ಕೆ ಐದಾರು ಬಾಟಲಿ ಕೊಡುವ ತಾಯಂದಿರಿದ್ದಾರೆ. ಹಾಲಿನಲ್ಲಿ ನಾರಿಲ್ಲ, ಅದು ಹೊಟ್ಟೆ ತುಂಬಿಸಿ ಊಟದ ಹಸಿವನ್ನು ಕೊಲ್ಲುತ್ತದೆ. ಎರಡು ದಾಟಿದ ಮಗುವಿಗೆ ದಿನಕ್ಕೆ ಅರ್ಧ ಲೀಟರ್ ಹಾಲು ಧಾರಾಳವಾಯಿತು. ರಸ್ಕ್, ಮೈದಾ ಬಿಸ್ಕೆಟ್, ಚಿಪ್ಸ್ ಕೈಗೆ ಸಿಗದಂತಿರಲಿ. ಪಪ್ಪಾಯ, ಪೇರಳೆ, ಚೆನ್ನಾಗಿ ಹಣ್ಣಾದ ಬಾಳೆ, ಬೇಯಿಸಿ ನುರಿದ ಬಸಳೆ ಅಥವಾ ಹರಿವೆ, ಹೆಸರುಕಾಳಿನ ಗಂಜಿ ಕೊಡಬಹುದು. ಒಣದ್ರಾಕ್ಷಿಯನ್ನೋ ಅಂಜೂರವನ್ನೋ ರಾತ್ರಿ ನೆನೆಹಾಕಿ ಬೆಳಿಗ್ಗೆ ಅರೆದು ಆ ನೀರಿನೊಂದಿಗೇ ಕುಡಿಸಬಹುದು. ಖರ್ಜೂರವಾದರೆ ಬೀಜ ತೆಗೆದು ಮೆತ್ತಗೆ ಹಿಸುಕಿ. ರಮಝಾನ್‌ನಲ್ಲಿ ಮನೆಯವರೆಲ್ಲ ಉಪವಾಸವಿರುವಾಗ ಮಗುವಿಗೆ ನೀರು ಕುಡಿಸಲು ಮರೆಯುವುದುಂಟು. ಅದರ ಲೋಟ ಅದರ ಕಣ್ಣಿಗೆ ಬೀಳುವಲ್ಲಿರಲಿ.

ಎರಡು ಮೂರು ವಾರ ದಿನವೂ ಅಳದೆ, ನೋಯದೆ ಮೆತ್ತಗಿನ ಕಕ್ಕ ಆಗತೊಡಗಿದ ಮೇಲೆ ಪಾಟಿಯನ್ನು ಮತ್ತೆ ಹೊರತೆಗೆಯಬಹುದು. ಹೊಟ್ಟೆಗೆ ಆಹಾರ ಬಿದ್ದಾಗ ದೊಡ್ಡ ಕರುಳು ತಾನಾಗಿಯೇ ಚುರುಕಾಗುತ್ತದೆ. ಆದ್ದರಿಂದ ಬೆಳಗಿನ ತಿಂಡಿಯ ನಂತರ, ರಾತ್ರಿಯ ಊಟದ ನಂತರ ಐದು ನಿಮಿಷ ಕೂರಿಸಿ. ಐದು ನಿಮಿಷವೆಂದರೆ ಐದೇ ನಿಮಿಷ. ಬರಲಿಲ್ಲವೆಂದು ಅರ್ಧ ಗಂಟೆ ಕೂಡಿಹಾಕಿದರೆ ಅದು ಜೈಲಾಗುತ್ತದೆ. ಪಾದ ನೆಲಕ್ಕೆ ತಾಗುವ ಸಣ್ಣ ಪಾಟಿ ಒಳ್ಳೆಯದು. ಕಮೋಡಾದರೆ ಮಗುವಿನ ಅಳತೆಯ ಸೀಟು ಇಟ್ಟು ಕಾಲ ಕೆಳಗೆ ಸ್ಟೂಲ್ ಕೊಡಿ, ಮೊಣಕಾಲು ಸೊಂಟಕ್ಕಿಂತ ಸ್ವಲ್ಪ ಮೇಲಿರಲಿ. ಫ್ಲಶ್ಶನ್ನು ಮಗು ಹೊರಹೋದ ಮೇಲೆ ಒತ್ತಿ. ಕೂತದ್ದಕ್ಕೇ ಶಹಬ್ಬಾಸ್ ಹೇಳಿ, ಬಂದದ್ದಕ್ಕೆ ಮಾತ್ರವಲ್ಲ. ಸಾಬೂನು ನೀರಿನ ಗುಳ್ಳೆ ಊದಲು ಕೊಟ್ಟರೆ ಇನ್ನೂ ಒಳ್ಳೆಯದು. ಊದುವಾಗ ಹೊಟ್ಟೆ ಒತ್ತುತ್ತದೆ, ಮಗುವಿಗೆ ಗೊತ್ತೇ ಆಗುವುದಿಲ್ಲ.

ಡಯಾಪರ್ ಇಲ್ಲದೆ ಕಕ್ಕ ಮಾಡಲಾರೆ ಎನ್ನುವ ಮಗುವಿಗೆ ಮೆಟ್ಟಿಲು ಮೆಟ್ಟಿಲಾಗಿ ಹೋಗಿ. ಮೊದಲು ಡಯಾಪರ್ ಹಾಕಿಯೇ ಬಚ್ಚಲಲ್ಲಿ ನಿಂತು ಮಾಡಲಿ. ಆಮೇಲೆ ಡಯಾಪರ್ ಸಮೇತ ಪಾಟಿಯ ಮೇಲೆ ಕೂರಲಿ. ನಂತರ ಅದನ್ನು ಸಡಿಲಗೊಳಿಸಿ, ಕೊನೆಗೆ ಬಿಚ್ಚಿ ಪಾಟಿಯೊಳಗೆ ಹಾಸಿ. ಒಂದೊಂದು ಮೆಟ್ಟಿಲಿಗೆ ಒಂದು ವಾರ ಹಿಡಿದರೂ ಚಿಂತೆಯಿಲ್ಲ.

ಇಸ್ತಿಂಜಾದ ಬಗ್ಗೆಯೂ ಒಂದು ಮಾತು. ಗುದದ್ವಾರದಲ್ಲಿ ಬಿರುಕಿರುವ ಮಗುವಿಗೆ ಪೈಪಿನಿಂದ ರಭಸವಾಗಿ ತಣ್ಣೀರು ಹೊಡೆದರೆ ಉರಿಯುತ್ತದೆ. ಆಗ ತೊಳೆಯುವುದೂ ಅದರ ಭಯದ ಪಟ್ಟಿಗೆ ಸೇರುತ್ತದೆ. ಚೊಂಬಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಮೆಲ್ಲಗೆ ಹೊಯ್ದು ತೊಳೆಯಿರಿ, ಒತ್ತಿ ಒರೆಸಿ, ಉಜ್ಜಬೇಡಿ. ಎಡಗೈಯಲ್ಲಿ ತೊಳೆಯಬೇಕೆಂಬುದನ್ನೆಲ್ಲ ಆಟದಂತೆ ಆಮೇಲೆ ಕಲಿಸಿದರಾಯಿತು.

ಮನೆಮಂದಿಗೂ ಸ್ವಲ್ಪ ಹೇಳಬೇಕಾಗುತ್ತದೆ. ಬೆಳಿಗ್ಗೆ ಅಜ್ಜಿ "ಆಯ್ತಾ?" ಎನ್ನುತ್ತಾರೆ, ಮಧ್ಯಾಹ್ನ ಚಿಕ್ಕಮ್ಮ "ಇವತ್ತಾದರೂ ಆಯ್ತಾ?" ಎನ್ನುತ್ತಾರೆ, ರಾತ್ರಿ ದಮ್ಮಾಮಿನಿಂದ ವೀಡಿಯೊ ಕರೆ ಮಾಡುವ ಅಬ್ಬಾ ಸಲಾಮ್ ಹೇಳಿದ ಕೂಡಲೇ ಕೇಳುವುದೂ ಅದನ್ನೇ. ಮಗುವಿನ ಹೊಟ್ಟೆಯ ಸುದ್ದಿ ಮನೆಯ ಮುಖ್ಯ ಸುದ್ದಿಯಾದರೆ ಮಗು ಮತ್ತಷ್ಟು ಬಿಗಿಯಾಗುತ್ತದೆ. ಯಾವ ದಿನ ಆಯಿತು, ಎಷ್ಟು ಗಟ್ಟಿಯಿತ್ತು ಎಂಬುದನ್ನು ತಾಯಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ. ವೈದ್ಯರಿಗೆ ತೋರಿಸಲು ಅದು ಉಪಯುಕ್ತ. ಉಳಿದವರು ಬೇರೆ ಮಾತಾಡಲಿ.

ಕೆಲವು ಲಕ್ಷಣಗಳು ಕಂಡರೆ ಮಾತ್ರ ಮನೆಯಲ್ಲಿ ಕಾಯುತ್ತಾ ಕೂರಬಾರದು. ಹುಟ್ಟಿದಾಗ ಮೊದಲ ಕಪ್ಪು ಮಲ ಹೋಗಲು ಎರಡು ದಿನಕ್ಕಿಂತ ಹೆಚ್ಚು ಹಿಡಿದಿದ್ದರೆ, ಮೊದಲ ತಿಂಗಳಿಂದಲೇ ಮಲಬದ್ಧತೆ ಇದ್ದರೆ, ಹೊಟ್ಟೆ ಊದಿ ಹಸಿರು ವಾಂತಿಯಾದರೆ, ಮಲ ರಿಬ್ಬನ್ನಿನಂತೆ ತೆಳ್ಳಗೆ ಬರುತ್ತಿದ್ದರೆ, ಜ್ವರವಿದ್ದರೆ, ತೂಕ ಏರದಿದ್ದರೆ, ಕಾಲುಗಳಲ್ಲಿ ಬಲವಿಲ್ಲದಂತೆ ಕಂಡರೆ ತಡಮಾಡದೆ ಮಕ್ಕಳ ವೈದ್ಯರಿಗೆ ತೋರಿಸಿ. ಅಪರೂಪಕ್ಕೆ ಕರುಳಿನ ನರಗಳ ದೋಷ, ಥೈರಾಯ್ಡ್ ಕೊರತೆ ಮೊದಲಾದವು ಹಿನ್ನೆಲೆಯಲ್ಲಿರುತ್ತವೆ. ಮಲ ತುಂಬಿದ ಗುದನಾಳ ಮೂತ್ರಕೋಶವನ್ನು ಒತ್ತುವುದರಿಂದ ಪದೇ ಪದೇ ಮೂತ್ರದ ಸೋಂಕೂ ಬರಬಹುದು, ಹೆಣ್ಣುಮಕ್ಕಳಲ್ಲಿ ವಿಶೇಷವಾಗಿ.

ಎಲ್ಲ ಸರಿಹೋಗಿ ಮಗು ನರ್ಸರಿಗೆ ಹೋಗತೊಡಗಿದಾಗ ಸಮಸ್ಯೆ ಒಮ್ಮೆ ಮರಳುವುದುಂಟು. ಶಾಲೆಯ ಕಕ್ಕಸು ಕತ್ತಲೆ, ಚಿಲಕ ಎತ್ತರ, ಕೇಳಲು ನಾಚಿಕೆ. ಮಧ್ಯಾಹ್ನದವರೆಗೆ ತಡೆದ ಮಗು ಮನೆಯಲ್ಲೂ ತಡೆಯಲು ಶುರು ಮಾಡುತ್ತದೆ. ಸೇರಿಸುವ ಮೊದಲೇ ಒಂದು ದಿನ ಮಗುವಿನ ಜೊತೆ ಹೋಗಿ ಆ ಕಕ್ಕಸನ್ನು ನೋಡಿ ಬನ್ನಿ. ಟೀಚರಿಗೂ ಆಯಾಗೂ ವಿಷಯ ತಿಳಿಸಿ, ಕೇಳಿದ ಕೂಡಲೇ ಬಿಡಬೇಕೆಂದು ವಿನಂತಿಸಿ. ಬ್ಯಾಗಿನಲ್ಲಿ ಒಂದು ಚಡ್ಡಿ ಹೆಚ್ಚಿಗೆ ಇರಲಿ. ಬೆಳಿಗ್ಗೆ ವ್ಯಾನ್ ಬರುವುದಕ್ಕೆ ಅರ್ಧ ಗಂಟೆ ಮೊದಲೇ ತಿಂಡಿ ಮುಗಿಸಿ, ಅವಸರವಿಲ್ಲದ ಐದು ನಿಮಿಷ ಅದಕ್ಕೆ ಕೊಡಿ.